ಗ್ಯಾರೇಜ್ ಕಟ್ಟೆ: ಅಮೆರಿಕದ ಕಾರು ಎಲ್ಲಿ ಕೆಟ್ಟು ನಿಂತಿತು?

ಹೋದ ಸಂಚಿಕೆಯಲ್ಲಿ ಒಬ್ಬರು ಹಳೇ ಫೋರ್ಡ್ ಗಾಡಿ ತಗೊಳ್ಳಬಹುದಾ ಅಂತ ಕೇಳಿದ್ದರು. ಉತ್ತರದ ಕೊನೆಗೆ "ಅಮೆರಿಕದ ಕಂಪನಿಗಳು ತಮ್ಮ ಊರಲ್ಲೇ ಜಪಾನಿನವರ ಮುಂದೆ ಸೋತವು, ಇಲ್ಲಿ ಬಂದು ಗೆಲ್ಲೋದು ಕಷ್ಟವೇ ಇತ್ತು" ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೇ ಪತ್ರಗಳು ಬಂದಿವೆ. ಹೀಗಾಗಿ ಈ ಸಲ ಕ್ಲಚ್, ಗೇರು, ಹೊಗೆ ಎಲ್ಲ ಬದಿಗಿಟ್ಟು ಇದನ್ನೇ ಬಿಚ್ಚಿ ನೋಡೋಣ.

ಪ್ರಶ್ನೆ: ಮೇಸ್ತ್ರಿ ಕಾಕಾ, ಜಪಾನಿನಲ್ಲಿ ಕೂಲಿ ಕಡಿಮೆ ಇತ್ತು, ಅದಕ್ಕೇ ಅವರ ಕಾರು ಅಗ್ಗ, ಅದಕ್ಕೇ ಅಮೆರಿಕ ಸೋತಿತು ಅಂತ ಎಲ್ಲರೂ ಹೇಳುತ್ತಾರೆ. ಅಷ್ಟೇನಾ? (ಗಂಗಾವತಿಯ ಡಿಪ್ಲೊಮಾ ವಿದ್ಯಾರ್ಥಿ)

ಅಷ್ಟೇ ಅಲ್ಲ ತಮ್ಮಾ. ಮೊದಮೊದಲು ಕೂಲಿ ಕಡಿಮೆ ಇದ್ದದ್ದು ನಿಜ. ಆದರೆ ಬರೀ ಕೂಲಿಯ ಮಾತಾಗಿದ್ದರೆ ಜಪಾನಿನವರು 1957ರಲ್ಲೇ ಗೆಲ್ಲಬೇಕಿತ್ತು. ಆ ವರ್ಷ ಟೊಯೋಟಾ ತನ್ನ ಟೊಯೋಪೆಟ್ ಕ್ರೌನ್ ಕಾರನ್ನು ಅಮೆರಿಕಕ್ಕೆ ಕಳಿಸಿತು. ಅಲ್ಲಿನ ದೊಡ್ಡ ರಸ್ತೆಯ ವೇಗಕ್ಕೆ ಇಂಜಿನ್ ಏದುಸಿರು ಬಿಟ್ಟಿತು, ಕಾದು ನಿಂತಿತು. ಕೊನೆಗೆ ಮಾರೋದನ್ನೇ ನಿಲ್ಲಿಸಿದರು. ಸೋತವರು ಸುಮ್ನೆ ಕೂರಲಿಲ್ಲ. ಎಲ್ಲಿ ಕೆಟ್ಟಿತು ಅಂತ ನೋಡಿಕೊಂಡು, 1965ರಲ್ಲಿ ಕೊರೋನಾ ಅನ್ನೋ ಬೇರೆ ಕಾರು ಹಿಡಿದುಕೊಂಡು ವಾಪಸ್ ಬಂದರು. ಅದು ನಡೆಯಿತು.

ಆಗ ಡೆಟ್ರಾಯಿಟ್, ಅಂದರೆ ಅಮೆರಿಕದ ಕಾರು ಕಂಪನಿಗಳ ತವರೂರು, ಹೇಗಿತ್ತು ಗೊತ್ತಾ? ಜನರಲ್ ಮೋಟರ್ಸ್ ಅಂದರೆ ಜಿಎಂ, ಫೋರ್ಡ್, ಕ್ರೈಸ್ಲರ್, ಈ ಮೂರೇ ಕಂಪನಿ ಸೇರಿ ಅಮೆರಿಕದಲ್ಲಿ ಮಾರುವ ಹತ್ತು ಕಾರಿನಲ್ಲಿ ಒಂಬತ್ತು ಮಾರುತ್ತಿದ್ದವು. ಅರ್ಧದಷ್ಟು ಜಿಎಂ ಒಂದರದ್ದೇ. ಪ್ರತಿ ವರ್ಷ ಬಾಡಿ ಬದಲಿಸೋದು, ಕ್ರೋಮ್ ಹಚ್ಚೋದು, ಹಿಂದೆ ರೆಕ್ಕೆ ಎತ್ತರಿಸೋದು. ಒಳಗಿನ ಇಂಜಿನ್, ಗೇರ್‌ಬಾಕ್ಸ್ ಹೆಚ್ಚುಕಡಿಮೆ ಹಳೇದೇ. ಪೆಟ್ರೋಲ್ ನೀರಿನ ಬೆಲೆಗೆ ಸಿಗುತ್ತಿತ್ತು, ಹೀಗಾಗಿ ಲೀಟರಿಗೆ ಐದಾರು ಕಿಲೋಮೀಟರ್ ಕೊಡುವ ಕಾರನ್ನು ಯಾರೂ ಬೈಯಲಿಲ್ಲ. ದೊಡ್ಡ ಕಾರಿನಲ್ಲಿ ಲಾಭ ಜಾಸ್ತಿ, ಸಣ್ಣ ಕಾರಿನಲ್ಲಿ ಕಡಿಮೆ. ಇದೊಂದು ಲೆಕ್ಕವನ್ನು ನೆನಪಿಟ್ಟುಕೋ. ಅಲ್ಲಿನ ಮುಂದಿನ ಐವತ್ತು ವರ್ಷದ ಕಥೆಯೆಲ್ಲ ಈ ಲೆಕ್ಕದ ಸುತ್ತಲೇ ತಿರುಗುತ್ತದೆ.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ಕೊಡೋದನ್ನು ನಿಲ್ಲಿಸಿದವು. ಬ್ಯಾರಲ್ಲಿಗೆ ಮೂರು ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯಿತು. 1979ರಲ್ಲಿ ಇರಾನಿನ ಕ್ರಾಂತಿಯಿಂದ ಮತ್ತೊಂದು ಏಟು. ಜನ ಸಣ್ಣ ಕಾರು ಕೇಳಿದರು. ಡೆಟ್ರಾಯಿಟ್ ಹತ್ತಿರ ಸಣ್ಣ ಕಾರು ಇರಲಿಲ್ಲ ಅಂತಲ್ಲ, ಇತ್ತು. ಆದರೆ ಮನಸ್ಸಿಲ್ಲದ ಮನಸ್ಸಿನಿಂದ ಮಾಡಿದ ಕಾರು. ಫೋರ್ಡಿನ ಪಿಂಟೊ ತಗೋ. ಪೆಟ್ರೋಲ್ ಟ್ಯಾಂಕ್ ಹಿಂದಿನ ಆಕ್ಸಲ್‌ನ ಹಿಂದೆ. ಹಿಂದಿನಿಂದ ಗುದ್ದಿದರೆ ಬೆಂಕಿ. 1978ರಲ್ಲಿ 15 ಲಕ್ಷ ಗಾಡಿ ವಾಪಸ್ ಕರೆಸಬೇಕಾಯಿತು.

ಜಿಎಂನ ಷೆವರ್ಲೆ ವೇಗಾ ಕಾರಿನದ್ದು ನನಗೆ ಇನ್ನೂ ಹೊಟ್ಟೆ ಉರಿಸುವ ಕಥೆ, ಯಾಕೆಂದರೆ ಅದು ಇಂಜಿನ್ ಕೆಲಸದವನ ಕಥೆ. ಅದರ ಬ್ಲಾಕ್ ಅಲ್ಯುಮಿನಿಯಂದು. ಹೆಡ್ ಬೀಡು ಕಬ್ಬಿಣದ್ದು. ಪಿಸ್ಟನ್ ಓಡುವ ಬೋರಿಗೆ ಲೈನರ್, ಅಂದರೆ ಒಳಗಿನ ಗಟ್ಟಿ ಕೊಳವೆ ಇಲ್ಲ, ಪಿಸ್ಟನ್ ನೇರವಾಗಿ ಅಲ್ಯುಮಿನಿಯಂ ಮೇಲೆ ಓಡಬೇಕು. ಆ ಲೋಹಕ್ಕೆ ಸಿಲಿಕಾನ್ ಬೆರೆಸಿ ಗಟ್ಟಿ ಮಾಡಿದ್ದರು, ಒಪ್ಪುತ್ತೇನೆ. ಆದರೆ ಒಂದು ಸಲ ನೀರು ಕಡಿಮೆಯಾಗಿ ಕಾದರೆ ಬೋರ್ ಗೀಚಿಹೋಗುತ್ತಿತ್ತು. ಆಮೇಲೆ ಪೆಟ್ರೋಲ್ ಜೊತೆ ಆಯಿಲನ್ನೂ ಕುಡಿಯೋದು. ಮೇಲಿಂದ ಬಾಡಿಯೆಲ್ಲ ತುಕ್ಕು. ಒಂದು ಸಲ ಕಾದು ಬಂದ ಇಂಜಿನ್ನಿಗೆ ನಾವು ಇಲ್ಲಿ ಲೈನರ್ ಹಾಕಿ, ಓವರ್‌ಸೈಜ್ ಪಿಸ್ಟನ್ ಕೂರಿಸಿ ಮತ್ತೆ ಲಕ್ಷ ಕಿಲೋಮೀಟರ್ ಓಡಿಸುತ್ತೇವೆ. ಗಿರಾಕಿ ತಪ್ಪು ಮಾಡಿಯೇ ಮಾಡುತ್ತಾನೆ, ರೇಡಿಯೇಟರಿಗೆ ನೀರು ಹಾಕೋದು ಮರೆತೇ ಮರೆಯುತ್ತಾನೆ. ಅದನ್ನು ಲೆಕ್ಕಕ್ಕೆ ಹಿಡಿಯದವನು ಇಂಜಿನ್ ಮಾಡಬಾರದು.

ಅದೇ ಹೊತ್ತಿನಲ್ಲಿ ಹೋಂಡಾ ಏನು ಮಾಡಿತು ನೋಡು. ಅಮೆರಿಕ ಸರ್ಕಾರ ಹೊಗೆಯ ಕಾನೂನು ಬಿಗಿ ಮಾಡಿತ್ತು. ಡೆಟ್ರಾಯಿಟ್ ಆಗೋದೇ ಇಲ್ಲ, ಟೈಮ್ ಕೊಡಿ ಅಂತ ವಾಷಿಂಗ್ಟನ್‌ಗೆ ಓಡಾಡುತ್ತಿತ್ತು. ಹೋಂಡಾ ಸಿವಿಕ್ ಕಾರಿನ ಇಂಜಿನ್ ಹೆಡ್ಡಿನಲ್ಲಿ ಒಂದು ಪುಟ್ಟ ಕೋಣೆ ಮಾಡಿತು. ಅಲ್ಲಿ ಪೆಟ್ರೋಲ್ ಜಾಸ್ತಿ ಇರುವ ಮಿಶ್ರಣಕ್ಕೆ ಕಿಡಿ ಹತ್ತುತ್ತದೆ, ಆ ಜ್ವಾಲೆ ದೊಡ್ಡ ಸಿಲಿಂಡರಿನ ತೆಳು ಮಿಶ್ರಣವನ್ನು ಸುಡುತ್ತದೆ. ಹೊಗೆ ಕಡಿಮೆ, ಸೈಲೆನ್ಸರಿನ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರೂ ಬೇಕಿಲ್ಲ. ಇದು ಪುಟಾಣಿ ಇಂಜಿನ್ನಿಗೆ ಮಾತ್ರ ಸರಿ ಅಂದವರ ಬಾಯಿ ಮುಚ್ಚಿಸಲು ಹೋಂಡಾದವರು ಒಂದು ಷೆವರ್ಲೆ ಇಂಪಾಲಾ ಕೊಂಡರು, ಅದರ ಎಂಟು ಸಿಲಿಂಡರಿನ ಇಂಜಿನ್ನಿಗೂ ಇದೇ ಏರ್ಪಾಡು ಹಾಕಿ ಪರೀಕ್ಷೆಗೆ ಕೊಟ್ಟರು. ಅದೂ ಪಾಸಾಯಿತು! ಇದರಲ್ಲಿ ಕೂಲಿಯ ಮಾತು ಎಲ್ಲಿದೆ ಹೇಳು?

ಇನ್ನೊಂದು ಮಾತು. ಈ ವಿದ್ಯೆಯಲ್ಲಿ ಎಷ್ಟೋ ಅಮೆರಿಕದ್ದೇ. ಗುಣಮಟ್ಟವನ್ನು ಅಂಕಿಸಂಖ್ಯೆಯಿಂದ ಅಳೆಯೋದನ್ನು 1950ರಲ್ಲಿ ಜಪಾನಿಗೆ ಹೋಗಿ ಕಲಿಸಿದವರು ಡೆಮಿಂಗ್ ಅನ್ನುವ ಅಮೆರಿಕದವರು. ಮರುವರ್ಷವೇ ಜಪಾನಿನವರು ಅವರ ಹೆಸರಲ್ಲಿ ಬಹುಮಾನ ಇಟ್ಟರು. ಅದೇ 1950ರಲ್ಲಿ ಟೊಯೋಟಾ ಮನೆತನದ ಈಜಿ ಟೊಯೋಡಾ ಡೆಟ್ರಾಯಿಟ್ ಹತ್ತಿರದ ಫೋರ್ಡ್ ಕಾರ್ಖಾನೆಯಲ್ಲಿ ವಾರಗಟ್ಟಲೆ ನೋಡಿ ಕಲಿತು ಹೋದರು. ಕಲಿಸಿದವರು ತಮ್ಮ ಮನೆಯಲ್ಲಿ ಅದನ್ನು ಮಾಡಲಿಲ್ಲ, ಅಷ್ಟೇ.

ಪ್ರಶ್ನೆ: ಅಲ್ಲಿನ ಕಾರ್ಮಿಕರ ಯೂನಿಯನ್ ಜಾಸ್ತಿ ಸಂಬಳ ಕೇಳಿ, ಕೆಲಸ ಮಾಡದೆ ಕಂಪನಿಗಳನ್ನು ಮುಳುಗಿಸಿತಂತೆ. ನೀವೂ ಕೆಲಸದವರ ಕಡೆಯವರು. ನಿಜ ಹೇಳಿ. (ರಾಯಚೂರಿನ ಶಿಕ್ಷಕಿ)

ಟೀಚರ್, ನೀವು ಸಿಕ್ಕಿಸಿ ಹಾಕಬೇಕು ಅಂತಲೇ ಕೇಳಿದ್ದೀರಿ. ನಿಜವನ್ನೇ ಹೇಳುತ್ತೇನೆ.

ಯೂನಿಯನ್ನಿನ ತಪ್ಪು ಇತ್ತು. ಎಂಬತ್ತರ ದಶಕದಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದರು: ಕೆಲಸ ಇಲ್ಲದಿದ್ದರೂ ಕಾರ್ಮಿಕರಿಗೆ ಹೆಚ್ಚುಕಡಿಮೆ ಪೂರ್ತಿ ಸಂಬಳ. ಜನ ಒಂದು ರೂಮಿನಲ್ಲಿ ಕೂತು ಪೇಪರ್ ಓದಿ ಸಂಬಳ ತಗೊಂಡರು. ಇದು 2009ರವರೆಗೂ ನಡೆಯಿತು. ಯಾವ ಗ್ಯಾರೇಜೂ ಹಾಗೆ ನಡೆಯೋದಿಲ್ಲ.

ಪಿಂಚಣಿ, ಆಸ್ಪತ್ರೆ ಖರ್ಚಿನ ಮಾತು ಬೇರೆ. 1950ರಲ್ಲಿ ಜಿಎಂ ಯೂನಿಯನ್ ಜೊತೆ ಐದು ವರ್ಷದ ದೊಡ್ಡ ಒಪ್ಪಂದ ಮಾಡಿಕೊಂಡಿತು. ನೀವು ಮುಷ್ಕರ ಮಾಡಬೇಡಿ, ನಾವು ಪಿಂಚಣಿ, ಆರೋಗ್ಯದ ವಿಮೆ ನೋಡಿಕೊಳ್ಳುತ್ತೇವೆ ಅಂತ. ಜಪಾನಿನಲ್ಲಿ ಎಲ್ಲರಿಗೂ ಸರ್ಕಾರದ ಆರೋಗ್ಯ ವಿಮೆ ಬಂತು. ಅಮೆರಿಕದಲ್ಲಿ ಬರಲಿಲ್ಲ. ಹೀಗಾಗಿ ಆ ಭಾರ ಕಾರಿನ ಬೆಲೆಯ ಮೇಲೆ ಕೂತಿತು. 2005ರ ಹೊತ್ತಿಗೆ ಒಂದೊಂದು ಗಾಡಿಯ ಮೇಲೂ ಸುಮಾರು 1,500 ಡಾಲರ್ ಆರೋಗ್ಯದ ಖರ್ಚೇ ಬೀಳುತ್ತದೆ ಅಂತ ಜಿಎಂ ಹೇಳುತ್ತಿತ್ತು. ಇದಕ್ಕೆ ಸಹಿ ಹಾಕಿದ್ದು ಯೂನಿಯನ್ ಒಂದೇ ಅಲ್ಲವಲ್ಲ. ಲಾಭ ಬರುತ್ತಿದ್ದಾಗ ಇವತ್ತಿನ ಸಂಬಳಕ್ಕಿಂತ ನಾಳಿನ ಪಿಂಚಣಿ ಕೊಡುತ್ತೇನೆ ಅನ್ನೋದು ಯಜಮಾನರಿಗೂ ಸಲೀಸಾಗಿತ್ತು.

ಕೆಲಸದವರು ಸೋಮಾರಿಗಳು ಅನ್ನೋ ಮಾತಿಗೆ ಮಾತ್ರ ನನ್ನ ಹತ್ತಿರ ಗಟ್ಟಿ ಉತ್ತರ ಇದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಅನ್ನುವ ಊರಲ್ಲಿ ಜಿಎಂನ ಒಂದು ಕಾರ್ಖಾನೆ ಇತ್ತು. ಇಡೀ ಕಂಪನಿಯಲ್ಲೇ ಕೆಟ್ಟ ಹೆಸರು. ಐವರಲ್ಲಿ ಒಬ್ಬ ಕೆಲಸಕ್ಕೇ ಬರುತ್ತಿರಲಿಲ್ಲ. ಬಂದವರಲ್ಲಿ ಕುಡಿದವರು, ಜೂಜಾಡುವವರು, ಬೇಕಂತಲೇ ಬೋಲ್ಟ್ ಸಡಿಲ ಬಿಡುವವರು. 1982ರಲ್ಲಿ ಬೀಗ ಹಾಕಿದರು. 1984ರಲ್ಲಿ ಟೊಯೋಟಾ ಮತ್ತು ಜಿಎಂ ಕೂಡಿ ಅದೇ ಕಾರ್ಖಾನೆ ಮತ್ತೆ ತೆರೆದರು. ಹೆಸರು ನುಮ್ಮಿ. ನಡೆಸುವ ಕೆಲಸ ಟೊಯೋಟಾದ್ದು. ಹೆಚ್ಚಿನ ಕೆಲಸದವರು ಅವರೇ ಹಳಬರು, ಅದೇ ಯೂನಿಯನ್. ಕೆಲವರನ್ನು ಜಪಾನಿಗೆ ಕಳಿಸಿ ಟೊಯೋಟಾದ ಕಾರ್ಖಾನೆಯಲ್ಲಿ ಕಲಿಸಿದರು.

ಅಲ್ಲಿ ಲೈನಿನ ಪಕ್ಕ ಒಂದು ಹಗ್ಗ ಇರುತ್ತದೆ. ಬೋಲ್ಟ್ ಕೂರುತ್ತಿಲ್ಲ, ಡೋರ್ ಸರಿಯಾಗಿ ಸೇರುತ್ತಿಲ್ಲ ಅಂದರೆ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ಮೇಲಿನವನು ಓಡಿ ಬರುತ್ತಾನೆ, ಬೈಯೋದಕ್ಕಲ್ಲ, ಸಹಾಯಕ್ಕೆ. ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಹಳೇ ಜಿಎಂನಲ್ಲಿ ಲೈನ್ ನಿಲ್ಲಿಸಿದವನ ಕೆಲಸವೇ ಹೋಗುತ್ತಿತ್ತು. ಸೀಟು ಉಲ್ಟಾ ಕೂತಿರಲಿ, ಇಂಜಿನ್ನೇ ತಪ್ಪಾಗಿ ಬಂದಿರಲಿ, ಗಾಡಿ ಮುಂದೆ ಹೋಗಬೇಕು, ರಿಪೇರಿ ಆಮೇಲೆ ಹಿತ್ತಲಲ್ಲಿ. ಒಂದೆರಡು ವರ್ಷದಲ್ಲಿ ನುಮ್ಮಿಯ ಕಾರು ಜಪಾನಿನಲ್ಲಿ ಮಾಡಿದ ಕಾರಿಗೆ ಹೆಚ್ಚುಕಡಿಮೆ ಸಮ ನಿಂತಿತು. ಕೆಲಸಕ್ಕೆ ಬಾರದವರ ಲೆಕ್ಕ ನೂರಕ್ಕೆ ಎರಡು ಮೂರಕ್ಕೆ ಇಳಿಯಿತು. ಜನ ಅವರೇ, ಟೀಚರ್.

ನಮ್ಮ ಉಸ್ತಾದ್ ಹಳೇ ಫಾರ್ಗೋ ಲಾರಿಗಳ ಮೇಲೆ ಕೈ ಪಳಗಿಸಿಕೊಂಡವರು. ಅದು ಕ್ರೈಸ್ಲರ್ ಕಂಪನಿಯ ಹೆಸರು, ಮುಂಬೈಯ ಪ್ರೀಮಿಯರ್‌ನವರು ಜೋಡಿಸುತ್ತಿದ್ದರು. ಹುಡುಗ ನಟ್ ಕ್ರಾಸ್ ಹತ್ತಿಸಿದರೆ ಅವರು ಮೊದಲು ನೋಡುತ್ತಿದ್ದದ್ದು ಹುಡುಗನ ಕೈಯಲ್ಲಿದ್ದ ಸ್ಪ್ಯಾನರನ್ನು. ಸವೆದ ಸ್ಪ್ಯಾನರ್ ಕೊಟ್ಟು ಹುಡುಗನಿಗೆ ಹೊಡೆಯಬಾರದು ಅನ್ನುತ್ತಿದ್ದರು. ಜಿಎಂನ ದೊಡ್ಡವರು ಕೋಟ್ಯಂತರ ಡಾಲರ್ ಸುರಿದು ಕಂಡುಕೊಂಡದ್ದೂ ಇದನ್ನೇ. ಕಂಡುಕೊಂಡ ಮೇಲೂ ತಮ್ಮ ಉಳಿದ ಕಾರ್ಖಾನೆಗಳಲ್ಲಿ ಅದನ್ನು ತರಲು ವರ್ಷಗಟ್ಟಲೆ ಒದ್ದಾಡಿದರು. ಅದರ ಬದಲು ರೋಬೋಟ್ ತಂದರು. ಕೆಲವು ರೋಬೋಟ್‌ಗಳು ಕಾರು ಬಿಟ್ಟು ಒಂದಕ್ಕೊಂದು ಬಣ್ಣ ಹೊಡೆದವು ಅನ್ನೋದು ಅಲ್ಲಿನ ಪ್ರಸಿದ್ಧ ಕಥೆ.

ನುಮ್ಮಿಯಲ್ಲಿ ಒಂದೇ ಲೈನಿನಿಂದ ಟೊಯೋಟಾ ಕೊರೊಲಾ ಮತ್ತು ಷೆವರ್ಲೆ ಪ್ರಿಜ್ಮ್ ಎರಡೂ ಇಳಿಯುತ್ತಿದ್ದವು. ಒಳಗೆಲ್ಲ ಒಂದೇ ಗಾಡಿ. ಜನ ಕೊರೊಲಾಗೆ ಜಾಸ್ತಿ ದುಡ್ಡು ಕೊಟ್ಟರು. ಹೆಸರು ಕೆಟ್ಟರೆ ಹೀಗೆ. 2010ರಲ್ಲಿ ಆ ಕಾರ್ಖಾನೆ ಮುಚ್ಚಿತು. ಈಗ ಅಲ್ಲಿ ಟೆಸ್ಲಾ ಇದೆ.

ಪ್ರಶ್ನೆ: ನನ್ನ ಬಾಡಿಗೆ ಗಾಡಿ ಷೆವರ್ಲೆ ಟವೇರಾ. ಕಂಪನಿ ಹೋಯಿತು, ಇನ್ನೂ ಓಡಿಸಲೋ ಮಾರಲೋ? ಅಂದಹಾಗೆ, ಅದು ಅಪ್ಪಟ ಅಮೆರಿಕದ ಗಾಡಿ ತಾನೇ? (ಬಳ್ಳಾರಿಯ ಡ್ರೈವರ್)

ಬೋರ್ಡ್ ಮಾತ್ರ ಅಮೆರಿಕದ್ದು ಅಣ್ಣಾ. ಒಳಗೆ ಜಪಾನಿನ ಇಸುಜು. ಸ್ಪಾರ್ಕ್, ಬೀಟ್ ಕಾರುಗಳು ಕೊರಿಯಾದ ದೇವೂ ಕಂಪನಿಯ ಕೂಸು. ಜಿಎಂ ನಮ್ಮಲ್ಲಿ ಮಾರೋದನ್ನು 2017ರಲ್ಲಿ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಹೊರಡುತ್ತೇನೆ ಅಂತ ಹೇಳಿತು. ಫೋರ್ಡಿನ ಸಾನಂದ್ ಕಾರ್ಖಾನೆ ಟಾಟಾ ಕೈಗೆ ಬಂತು. ಇಲ್ಲಿ ಅವರನ್ನು ಎಬ್ಬಿಸಿದ್ದೂ ಮಾರುತಿ ಸುಜುಕಿ, ಹ್ಯುಂಡೈ, ಟೊಯೋಟಾ. ಅಲ್ಲಿ ನಡೆದದ್ದೇ ಇಲ್ಲೂ ನಡೆಯಿತು.

ನಿಮ್ಮ ಗಾಡಿ ಹೊಗೆ ಬಿಡುತ್ತಿಲ್ಲ, ಆಯಿಲ್ ತಿನ್ನುತ್ತಿಲ್ಲ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಅವಧಿ ಇನ್ನೂ ಮುಗಿದಿಲ್ಲ ಅಂದರೆ ಓಡಿಸಿ. ಫಿಲ್ಟರ್, ಕ್ಲಚ್ ಪ್ಲೇಟ್, ಬ್ರೇಕ್ ಶೂ ಅಂಗಡಿಯಲ್ಲಿ ಸಿಗುತ್ತವೆ. ಡೀಸೆಲ್ ಪಂಪ್ ಅಥವಾ ಗೇರ್‌ಬಾಕ್ಸಿನ ದೊಡ್ಡ ಕೆಲಸ ಬಂದ ದಿನ ಕೈ ಬಿಡಿ. ಆ ಖರ್ಚಿಗೆ ಗಾಡಿ ಬೆಲೆ ಸಾಲೋದಿಲ್ಲ.

ಪ್ರಶ್ನೆ: ಹೊರಗಿನ ಕಾರಿಗೆ ಸರಿಯಾಗಿ ಸುಂಕ ಹಾಕಿದ್ದರೆ ಅಮೆರಿಕದ ಕಂಪನಿಗಳು ಉಳಿಯುತ್ತಿದ್ದವಲ್ವಾ? ಈಗ ಟ್ರಂಪ್ ಹಾಕುತ್ತಿರೋದು ಅದಕ್ಕೇ ಅಲ್ವಾ? (ಸಿಂಧನೂರಿನ ರೈಸ್ ಮಿಲ್ ಮಾಲೀಕರು)

ಸಾಹುಕಾರ್ರೇ, ಹಾಕಿಲ್ಲ ಅಂತ ಯಾರು ಹೇಳಿದರು? ಅರವತ್ತರ ದಶಕದಲ್ಲಿ ಯುರೋಪಿನವರು ಅಮೆರಿಕದ ಕೋಳಿಯ ಮೇಲೆ ಸುಂಕ ಏರಿಸಿದರು. ಸಿಟ್ಟಿಗೆ ಅಮೆರಿಕ 1964ರಿಂದ ಹೊರಗಿನ ಪಿಕಪ್, ವ್ಯಾನುಗಳ ಮೇಲೆ ಶೇಕಡ 25 ಸುಂಕ ಹಾಕಿತು. ಕೋಳಿ ಜಗಳ ಮುಗಿಯಿತು, ಸುಂಕ ಇವತ್ತಿಗೂ ಇದೆ. ಅದಕ್ಕೆ ಕೋಳಿ ಸುಂಕ ಅಂತಲೇ ಹೆಸರು. ತಪ್ಪಿಸಿಕೊಳ್ಳಲು ಜಪಾನಿನ ಸುಬಾರು ಕಂಪನಿ ತನ್ನ ಪಿಕಪ್ಪಿನ ಹಿಂದಿನ ತೊಟ್ಟಿಯಲ್ಲಿ ಎರಡು ಪ್ಲಾಸ್ಟಿಕ್ ಸೀಟು ಬೋಲ್ಟ್ ಮಾಡಿ, ಇದು ಜನ ಕೂರುವ ಕಾರು ಅಂತ ಸಾಧಿಸಿತು. ನಮ್ಮಲ್ಲಿ ಗೂಡ್ಸ್ ಗಾಡಿಯಲ್ಲಿ ಜನ ಕೂತರೆ ಪೊಲೀಸರು ದಂಡ ಹಾಕುತ್ತಾರೆ, ಅಲ್ಲಿ ಸೀಟು ಹಾಕಿದ್ದಕ್ಕೆ ಸುಂಕ ಕಡಿಮೆಯಾಯಿತು!

ಆ ಗೋಡೆಯೊಳಗೆ ಡೆಟ್ರಾಯಿಟ್ ಏನು ಮಾಡಿತು? ಪಿಕಪ್ಪಿನಲ್ಲಿ ಪೈಪೋಟಿ ಇಲ್ಲ, ಲಾಭ ಜಾಸ್ತಿ. ಹೀಗಾಗಿ ಬುದ್ಧಿ, ದುಡ್ಡು ಎಲ್ಲ ಅತ್ತ ಹರಿಯಿತು. ಸಣ್ಣ ಕಾರನ್ನು ಜಪಾನಿನವರಿಗೆ ಬಿಟ್ಟುಕೊಟ್ಟರು.

1981ರಲ್ಲಿ ಇನ್ನೊಂದು ಗೋಡೆ. ವರ್ಷಕ್ಕೆ 16.8 ಲಕ್ಷಕ್ಕಿಂತ ಜಾಸ್ತಿ ಕಾರು ಕಳಿಸೋದಿಲ್ಲ ಅಂತ ಜಪಾನಿನ ಕೈಯಿಂದ ಬರೆಸಿಕೊಂಡರು. ಎಣಿಕೆಗೆ ಮಿತಿ ಹಾಕಿದರೆ ವ್ಯಾಪಾರಿ ಏನು ಮಾಡುತ್ತಾನೆ? ನೀವೇ ಮಾಡುತ್ತೀರಿ: ಇಷ್ಟೇ ಚೀಲ ಅಂದರೆ ದುಬಾರಿ ಅಕ್ಕಿ ತುಂಬಿಸುತ್ತೀರಿ. ಜಪಾನಿನವರೂ ದುಬಾರಿ ಕಾರಿಗೆ ಕೈ ಹಾಕಿದರು. ಹೋಂಡಾದ ಅಕ್ಯುರಾ, ಟೊಯೋಟಾದ ಲೆಕ್ಸಸ್ ಹೀಗೆ ಬಂದವು, ಡೆಟ್ರಾಯಿಟ್‌ನ ಕ್ಯಾಡಿಲಾಕ್ ಗಿರಾಕಿಗೇ ಬಲೆ ಬಿತ್ತು. ಜೊತೆಗೆ ಅಮೆರಿಕದೊಳಗೇ ಕಾರ್ಖಾನೆ ಕಟ್ಟಿದರು. ಹೋಂಡಾ 1982ರಲ್ಲಿ ಒಹಾಯೊದಲ್ಲಿ, ನಿಸಾನ್ 1983ರಲ್ಲಿ ಟೆನೆಸ್ಸಿಯಲ್ಲಿ, ಟೊಯೋಟಾ 1988ರಲ್ಲಿ ಕೆಂಟಕಿಯಲ್ಲಿ. ಸುಂಕ ಯಾರ ಮೇಲೆ ಹಾಕುತ್ತೀರಿ ಈಗ?

ನಮ್ಮಲ್ಲೂ ಇದನ್ನು ನೋಡಿದ್ದೇವೆ. ಹೊರಗಿನ ಕಾರು ಬರದಂತೆ ಬಾಗಿಲು ಹಾಕಿಕೊಂಡು ಅಂಬಾಸಿಡರ್ ಗಾಡಿಯನ್ನು ದಶಕಗಟ್ಟಲೆ ಅದೇ ರೂಪದಲ್ಲಿ ಮಾರಿದರು. ನನಗೆ ಆ ಗಾಡಿ ಮೇಲೆ ಪ್ರೀತಿ ಇದೆ, ನನ್ನ ಹೊಟ್ಟೆ ತುಂಬಿಸಿದ್ದೇ ಅದರ ರಿಪೇರಿ! 1983ರ ಡಿಸೆಂಬರಿನಲ್ಲಿ ಮಾರುತಿ ಬಂತು, 2014ರಲ್ಲಿ ಅಂಬಾಸಿಡರ್ ನಿಂತಿತು. ಮಾರುತಿ ಬಂದ ಮೇಲೆ 10, 12, 14, 17 ನಂಬರಿನ ನಾಲ್ಕು ಸ್ಪ್ಯಾನರ್ ಇದ್ದರೆ ಗಾಡಿಯ ಮುಕ್ಕಾಲು ಭಾಗ ಬಿಚ್ಚಬಹುದಾಯಿತು. ಬಿಚ್ಚುವ ಪ್ರಸಂಗವೇ ಕಡಿಮೆಯಾಯಿತು ಅನ್ನೋದು ನಮ್ಮ ದುಃಖ.

2025ರ ಏಪ್ರಿಲ್‌ನಲ್ಲಿ ಟ್ರಂಪ್ ಹೊರಗಿನ ಕಾರಿಗೆ ಶೇಕಡ 25 ಹಾಕಿದರು. ಆಮೇಲೆ ಜಪಾನಿಗೆ 15ಕ್ಕೆ ಇಳಿಸಿದರು. ತಮಾಷೆ ಅಂದರೆ ಜಿಎಂ ಮೆಕ್ಸಿಕೊ, ಕೊರಿಯಾದಲ್ಲಿ ಮಾಡಿದ ಗಾಡಿಗಳನ್ನೂ ಅಮೆರಿಕಕ್ಕೆ ತರುತ್ತದೆ. ಆ ವರ್ಷ ಸುಂಕದಿಂದ ತನಗೇ 400ರಿಂದ 500 ಕೋಟಿ ಡಾಲರ್ ಹೊರೆ ಬೀಳುತ್ತದೆ ಅಂತ ಅದೇ ಅಂದಾಜು ಹೇಳಿತು. ಕೆಂಟಕಿಯಲ್ಲಿ ಜೋಡಿಸಿದ ಟೊಯೋಟಾ ಕ್ಯಾಮ್ರಿ ಮಾತ್ರ ಇಡೀ ಕಾರಿನ ಮೇಲಿನ ಸುಂಕ ಕಟ್ಟದೆ ಷೋರೂಮಿಗೆ ಹೋಗುತ್ತದೆ.

ಸುಂಕವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಲಾವಕಾಶ ಕೊಟ್ಟಾಗ ಸಣ್ಣ ಕಾರು ಮಾಡೋದು ಕಲಿಯಬೇಕಿತ್ತು, ಕಲಿಯಲಿಲ್ಲ ಅನ್ನೋದೇ ನನ್ನ ತಕರಾರು. 2008ರಲ್ಲಿ ಪೆಟ್ರೋಲ್ ಮತ್ತೆ ಏರಿತು, ಬ್ಯಾಂಕುಗಳು ಕುಸಿದವು, ದೊಡ್ಡ ಗಾಡಿ ನಿಂತವು. ಮೂರು ಕಂಪನಿಯ ಯಜಮಾನರು ಸರ್ಕಾರದ ಹತ್ತಿರ ದುಡ್ಡು ಕೇಳಲು ಒಬ್ಬೊಬ್ಬರು ಒಂದೊಂದು ಖಾಸಗಿ ವಿಮಾನದಲ್ಲಿ ಹೋದರು! 2009ರಲ್ಲಿ ಕ್ರೈಸ್ಲರ್, ಆಮೇಲೆ ಜೂನ್ 1ರಂದು ಜಿಎಂ ದಿವಾಳಿ ಅರ್ಜಿ ಹಾಕಿದವು. ಜಿಎಂ ಒಂದಕ್ಕೇ ಸರ್ಕಾರ ಸುಮಾರು 5,000 ಕೋಟಿ ಡಾಲರ್ ಹಾಕಿತು, ಅದರಲ್ಲಿ 1,100 ಕೋಟಿಯಷ್ಟು ವಾಪಸ್ ಬರಲೇ ಇಲ್ಲ. ಫೋರ್ಡ್ ಮಾತ್ರ 2006ರಲ್ಲೇ ಕಾರ್ಖಾನೆಗಳ ಜೊತೆ ತನ್ನ ನೀಲಿ ಗುರುತನ್ನೂ ಅಡವಿಟ್ಟು ಸಾಲ ತಂದಿಟ್ಟುಕೊಂಡಿತ್ತು, ಬಚಾವಾಯಿತು. ಅದೇ ಫೋರ್ಡ್ 2018ರಲ್ಲಿ, ಮಸ್ಟಾಂಗ್ ಅನ್ನೋ ಸ್ಪೋರ್ಟ್ಸ್ ಕಾರು ಉಳಿಸಿಕೊಂಡು ಅಮೆರಿಕದಲ್ಲಿ ಸೆಡಾನ್‌ಗಳನ್ನೆಲ್ಲ ನಿಲ್ಲಿಸುತ್ತೇವೆ ಅಂತ ಹೇಳಿತು. ಮತ್ತೆ ಅದೇ ದೊಡ್ಡ ಗಾಡಿ, ದೊಡ್ಡ ಲಾಭ.

ಪ್ರಶ್ನೆ: ಅದಿರಿನ ಕಾಲದಲ್ಲಿ ಸಾಲ ಮಾಡಿ ಟಿಪ್ಪರ್ ತಂದವನು ನಾನು. ಪಾಳುಬಿದ್ದ ಡೆಟ್ರಾಯಿಟ್‌ನ ಫೋಟೋ ನೋಡಿದರೆ ಹೆದರಿಕೆಯಾಗುತ್ತದೆ. ಬಳ್ಳಾರಿಗೂ ಆ ಗತಿ ಬರುತ್ತದಾ? (ಸಂಡೂರಿನ ಲಾರಿ ಮಾಲೀಕರು)

ಡೆಟ್ರಾಯಿಟ್ ಆಗಬೇಕಾದರೆ ಮೊದಲು ಡೆಟ್ರಾಯಿಟ್‌ನಷ್ಟು ಮಾಡಿ ಮಾರಿರಬೇಕಲ್ವಾ ಅಣ್ಣಾ? ಅವರು ಕಾರು ಮಾಡಿದರು. ನಾವು ಅದಿರು ಅಗೆದೆವು, ತುಂಬಿದೆವು, ಬಂದರಿಗೆ ಕಳಿಸಿದೆವು. ಅವರನ್ನು ಪೈಪೋಟಿ ಕೆಡವಿತು. ನಮ್ಮ ಗಣಿಗಾರಿಕೆಯನ್ನು 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ನಿಲ್ಲಿಸಿತು, ಅಕ್ರಮ ಅಷ್ಟು ಮಿತಿಮೀರಿತ್ತು. ಆಗ ನನ್ನ ಗ್ಯಾರೇಜಿನ ಮುಂದೆ ಸ್ಪ್ರಿಂಗ್ ಪ್ಲೇಟು ಕಟ್ಟಿಸಲು ಸಾಲಾಗಿ ನಿಲ್ಲುತ್ತಿದ್ದ ಲಾರಿಗಳು ಮಾಯವಾದವು, ಫೈನಾನ್ಸಿನವರು ಗಾಡಿ ಹುಡುಕಿಕೊಂಡು ಬರತೊಡಗಿದರು. ನಿಮಗೆ ಹೇಳಬೇಕಾಗಿಲ್ಲ.

ಇನ್ನು ಆ ಫೋಟೋಗಳು. 1950ರಲ್ಲಿ ಡೆಟ್ರಾಯಿಟ್ ಊರಲ್ಲಿ ಸುಮಾರು 18.5 ಲಕ್ಷ ಜನ. 2020ರಲ್ಲಿ 6.4 ಲಕ್ಷ. 2013ರ ಜುಲೈನಲ್ಲಿ ನಗರಸಭೆಯೇ ದಿವಾಳಿ ಅರ್ಜಿ ಹಾಕಿತು, ಸಾಲ 1,800 ಕೋಟಿ ಡಾಲರ್ ಸುಮಾರು. ಎಲ್ಲವನ್ನೂ ಜಪಾನಿನ ತಲೆಗೆ ಕಟ್ಟಬೇಡಿ. ಜನ ಖಾಲಿಯಾಗಲು ಶುರುವಾಗಿದ್ದು ಐವತ್ತರ ದಶಕದಲ್ಲೇ, ಆಗ ಜಪಾನಿನ ಕಾರು ಅಲ್ಲಿ ಲೆಕ್ಕಕ್ಕೇ ಇರಲಿಲ್ಲ. ಕಾರ್ಖಾನೆಗಳು ಊರ ಹೊರಗೆ, ಬೇರೆ ರಾಜ್ಯಕ್ಕೆ ಹೋದವು. ಬಿಳಿಯರು ಹೊರವಲಯಕ್ಕೆ ಹೋದರು. 1967ರ ಗಲಭೆ ಆದ ಮೇಲೆ ಇನ್ನೂ ಜಾಸ್ತಿ. ತೆರಿಗೆ ಕಟ್ಟುವವರು ಹೋದರು, ಪಿಂಚಣಿ ತಗೊಳ್ಳುವವರು ಉಳಿದರು. ಅಮೆರಿಕದಲ್ಲಿ ಇವತ್ತಿಗೂ ವರ್ಷಕ್ಕೆ ಕೋಟಿಯ ಆಸುಪಾಸು ಗಾಡಿ ತಯಾರಾಗುತ್ತವೆ, ಹೆಚ್ಚಿನವು ಆ ಊರಲ್ಲಿ ಅಲ್ಲ, ಅಷ್ಟೇ.

ಬಳ್ಳಾರಿಯಲ್ಲಿ ಈಗ ಗಣಿಗೆ ಮಿತಿ ಇದೆ, ತೋರಣಗಲ್ಲಿನಲ್ಲಿ ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದಿದೆ, ಅದಿರು ಇಲ್ಲೇ ಕರಗುತ್ತದೆ. ನಿಮ್ಮ ಟಿಪ್ಪರಿಗೆ ಅದೊಂದೇ ಬಾಡಿಗೆ ಇದ್ದರೆ ಮಾತ್ರ ಹೆದರಿ. ಹೊಸದಕ್ಕೆ ಸಾಲ ಮಾಡೋ ಮುಂಚೆ ಜಲ್ಲಿ, ಬತ್ತ, ಸಿಮೆಂಟು, ಬೇರೆ ಬಾಡಿಗೆ ಏನಿದೆ ನೋಡಿಕೊಳ್ಳಿ.

ಪ್ರಶ್ನೆ: ಕೊಪ್ಪಳ ಹತ್ತಿರ ಫೌಂಡ್ರಿಯಲ್ಲಿ ಕೆಲಸ ಮಾಡುತ್ತೇನೆ, ಇಂಜಿನ್ ಬ್ಲಾಕ್ ಎರಕ ಹೊಯ್ಯುತ್ತೇವೆ. ಚೀನಾದ ಎಲೆಕ್ಟ್ರಿಕ್ ಕಾರು ಬಂದರೆ ನಮ್ಮ ಗತಿ?

ಇದು ಸರಿಯಾದ ಹೆದರಿಕೆ. 2023ರಲ್ಲಿ ಚೀನಾ ಕಾರು ರಫ್ತಿನಲ್ಲಿ ಜಪಾನನ್ನೇ ಹಿಂದೆ ಹಾಕಿತು. 2024ರಲ್ಲಿ ಅಮೆರಿಕ ಚೀನಾದ ಎಲೆಕ್ಟ್ರಿಕ್ ಕಾರಿಗೆ ಶೇಕಡ 100 ಸುಂಕ ಹಾಕಿತು, ಅಂದರೆ ಮತ್ತೊಂದು ಗೋಡೆ. ಈ ಸಲ ಜಪಾನಿನವರೂ ಪೆಟ್ರೋಲ್ ಗಾಡಿ ಹಿಡಿದುಕೊಂಡು ಸ್ವಲ್ಪ ತಡ ಮಾಡಿದರು ಅಂತ ನನಗನಿಸುತ್ತದೆ.

ಎಲೆಕ್ಟ್ರಿಕ್ ಕಾರಿಗೆ ಬ್ಲಾಕ್ ಬೇಡ, ಹೆಡ್ ಬೇಡ. ಮೋಟಾರಿನ ಮೈ ಅಲ್ಯುಮಿನಿಯಂದು. ಆದರೆ ಬ್ರೇಕ್ ಡ್ರಮ್, ಡಿಸ್ಕ್, ಚಕ್ರದ ಹಬ್‌ಗೆ ಎರಕದ ಕಬ್ಬಿಣ ಬೇಕೇ ಬೇಕು. ಟ್ರ್ಯಾಕ್ಟರ್ ಕೂಡ ಸದ್ಯಕ್ಕೆ ಡೀಸೆಲ್ ಬಿಡೋದಿಲ್ಲ. ಗದ್ದೆಯಲ್ಲಿ ಕೆಸರು ಗುದ್ದುವಾಗ ದಿನವಿಡೀ ಎಳೆಯುವ ಬ್ಯಾಟರಿ ನಮ್ಮ ರೈತರ ಕೈಗೆಟುಕುವ ಬೆಲೆಗೆ ಬಂದಿಲ್ಲ. ನಿಮ್ಮಲ್ಲಿ ಹೋಗೋ ಮಾಲು ಕಾರಿನದೋ ಟ್ರ್ಯಾಕ್ಟರಿನದೋ, ಯಾವುದು ಎಷ್ಟು ಅಂತ ಡಿಸ್‌ಪ್ಯಾಚ್ ಕಡೆಯವರನ್ನು ಸುಮ್ನೆ ವಿಚಾರಿಸಿ. ಕಾರಿನದೇ ಜಾಸ್ತಿ ಇದ್ದರೆ ಈಗಲೇ ಮಷಿನ್ ಶಾಪ್ ಕಡೆ ಹೋಗಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್ ಕೆಲಸ, ಕಲಿಯಿರಿ. ನಿಮ್ಮ ಮೇಲಿನವರು ಬಿಡೋದಿಲ್ಲ ಅಂದರೆ ನನಗೆ ಇನ್ನೊಂದು ಪತ್ರ ಬರೆಯಿರಿ.